ವಸಂತ ಕೊಂಬೆಗೆ ಮೊದಲು, ಮಣ್ಣಿಗೆ ಆಮೇಲೆ

ಚಳಿಗಾಲ ಇನ್ನೂ ಮುಗಿಯದ ಯಾವುದೋ ಒಂದು ಮಧ್ಯಾಹ್ನ, ಎಲೆಯುದುರಿ ನಿಂತ ಮರದ ರೆಂಬೆಯನ್ನು ಹತ್ತಿರದಿಂದ ನೋಡಿದರೆ ಮೊಗ್ಗುಗಳು ಹಿಂದಿನ ವಾರಕ್ಕಿಂತ ತುಸು ಉಬ್ಬಿರುವುದು ಕಾಣಿಸುತ್ತದೆ. ಅವುಗಳನ್ನು ಹೊದ್ದುಕೊಂಡಿದ್ದ ಕಂದು ಪೊರೆಗಳು ಸ್ವಲ್ಪವೇ ಸರಿದು, ಸಂದಿಯಲ್ಲಿ ಹಸಿರಿನ ಗೆರೆಯೊಂದು ಇಣುಕುತ್ತಿರುತ್ತದೆ. ಅದೇ ಮರದ ಬುಡದಲ್ಲಿ ಕುಳಿತು ಮಣ್ಣಿನೊಳಕ್ಕೆ ಬೆರಳು ತೂರಿಸಿದರೆ, ಎರಡು ಅಂಗುಲ ಕೆಳಗೆ ಮಣ್ಣು ಇನ್ನೂ ಕೊರೆಯುತ್ತಿರುತ್ತದೆ. ಬೀಜದ ಪೊಟ್ಟಣಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತವರು ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕೊಂಬೆಯ ಮಾತನ್ನೇ ನಂಬುತ್ತಾರೆ, ಮಣ್ಣನ್ನು ಕೇಳುವುದಿಲ್ಲ. ಕೊಂಬೆಯೂ ಸುಳ್ಳು ಹೇಳುತ್ತಿಲ್ಲ, ಮಣ್ಣೂ ಸುಳ್ಳು ಹೇಳುತ್ತಿಲ್ಲ. ಎರಡರ ಲೆಕ್ಕವೂ ಬೇರೆ ಬೇರೆ, ಅಷ್ಟೆ. ಕೈತೋಟದಲ್ಲಿ ವರ್ಷದ ಮೊದಲ ತಪ್ಪುಗಳು ನಡೆಯುವುದು ಈ ಎರಡು ಲೆಕ್ಕಗಳನ್ನು ಒಂದೇ ಎಂದು ಭಾವಿಸಿದಾಗ.

ಮೊದಲು ಕೊಂಬೆಯ ಲೆಕ್ಕವನ್ನು ನೋಡೋಣ. ವಸಂತದಲ್ಲಿ ಬಿರಿಯುವ ಮೊಗ್ಗು ವಸಂತದಲ್ಲಿ ಹುಟ್ಟಿದ್ದಲ್ಲ. ಸೇಬು, ಪೀಚ್, ಚೆರ್ರಿಯಂಥ ಎಲೆಯುದುರಿಸುವ ಮರಗಳಲ್ಲಿ ಅದು ಹಿಂದಿನ ಬೇಸಿಗೆಯಲ್ಲೇ ರೂಪುಗೊಂಡು, ಒಳಗೆ ಎಳೆಯ ಎಲೆಗಳನ್ನೋ ಹೂವಿನ ಭಾಗಗಳನ್ನೋ ಮಡಚಿಟ್ಟುಕೊಂಡು, ಎಲೆಯುದುರುವ ಹೊತ್ತಿಗೆ ಸುಪ್ತಾವಸ್ಥೆಗೆ ಜಾರಿರುತ್ತದೆ. ಈ ನಿದ್ದೆಗೆ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಚಿಲಕ ಒಳಗಿನಿಂದಲೇ ಬಿದ್ದಿರುತ್ತದೆ. ಆಗ ರೆಂಬೆಯೊಂದನ್ನು ಕತ್ತರಿಸಿ ಬೆಚ್ಚಗಿನ ಕೋಣೆಯಲ್ಲಿ ನೀರಿನಲ್ಲಿಟ್ಟರೂ ಮೊಗ್ಗು ಅಲುಗುವುದಿಲ್ಲ. ಎರಡನೆಯ ಹಂತದಲ್ಲಿ ಒಳಗಿನ ಚಿಲಕ ತೆರೆದಾಗಿದ್ದು, ಹೊರಗಿನ ಚಳಿಯೊಂದೇ ಮೊಗ್ಗನ್ನು ತಡೆದಿರುತ್ತದೆ. ಈಗ ಅದೇ ಮರದ ಇನ್ನೊಂದು ರೆಂಬೆಯನ್ನು ಒಳಗೆ ತಂದಿಟ್ಟರೆ ಕೆಲವು ವಾರಗಳಲ್ಲಿ ಅರಳಿಬಿಡುತ್ತದೆ. ಹೊರಗಿನಿಂದ ನೋಡುವವರಿಗೆ ಎರಡು ಹಂತಗಳಲ್ಲೂ ಮರ ಒಂದೇ ರೀತಿ ಬೋಳಾಗಿ ಕಾಣುತ್ತದೆ.

ಒಳಗಿನ ಚಿಲಕವನ್ನು ತೆರೆಯುವುದು ಬಿಸಿಲಾಗಿರಬೇಕೆಂದು ನಾವು ಊಹಿಸುತ್ತೇವೆ, ಆದರೆ ಆ ಕೆಲಸ ಮಾಡುವುದು ಚಳಿಯೇ. ಯೋಚಿಸಿದರೆ ಇದರಲ್ಲಿ ಜಾಣತನವಿದೆ: ಮರ ಬರೀ ಬಿಸಿಲಿಗೆ ಸ್ಪಂದಿಸುವಂತಿದ್ದರೆ, ಚಳಿಗಾಲದ ಆರಂಭದಲ್ಲಿ ಅಕಸ್ಮಾತ್ತಾಗಿ ಬರುವ ಒಂದು ಬೆಚ್ಚನೆಯ ವಾರ ಅದನ್ನು ಎಬ್ಬಿಸಿ, ಮುಂದಿನ ವಾರದ ಚಳಿ ಎಳೆಯ ಚಿಗುರನ್ನೆಲ್ಲ ಸುಟ್ಟುಹಾಕುತ್ತಿತ್ತು. ಆದ್ದರಿಂದ ಮರ ಮೊದಲು ಚಳಿಯನ್ನು ಎಣಿಸುತ್ತದೆ. ತೋಟಗಾರಿಕೆಯಲ್ಲಿ ಇದನ್ನು ಚಳಿಯ ಗಂಟೆಗಳೆಂದು ಅಳೆಯುತ್ತಾರೆ. ಹಳೆಯ, ಸರಳ ಲೆಕ್ಕದ ಪ್ರಕಾರ ಉಷ್ಣತೆ 0ರಿಂದ 7.2 ಡಿಗ್ರಿ ಸೆಲ್ಸಿಯಸ್ ನಡುವೆ ಇರುವ ಪ್ರತಿಯೊಂದು ಗಂಟೆಯೂ ಒಂದು ಗಂಟೆ. (7.2 ಎಂಬ ವಿಚಿತ್ರ ಸಂಖ್ಯೆಯಲ್ಲಿ ಪ್ರಕೃತಿಯ ರಹಸ್ಯವೇನೂ ಇಲ್ಲ. ಅದು 45 ಡಿಗ್ರಿ ಫ್ಯಾರನ್‌ಹೀಟ್ ಎಂಬ ದುಂಡು ಸಂಖ್ಯೆಯ ಅನುವಾದ.) ಹಲವು ಸೇಬಿನ ತಳಿಗಳು ಇಂಥ 800ರಿಂದ 1000 ಗಂಟೆಗಳನ್ನು, ಕೆಲವು ಅದಕ್ಕೂ ಹೆಚ್ಚನ್ನು ಬೇಡುತ್ತವೆ; ಬೆಚ್ಚನೆಯ ಸೀಮೆಗಳಿಗಾಗಿಯೇ ಬೆಳೆಸಿದ ‘ಅನ್ನಾ’ದಂಥ ತಳಿಗಳಿಗೆ ಸುಮಾರು 300 ಸಾಕು. 1974ರಲ್ಲಿ ಪ್ರಕಟವಾದ ‘ಯೂಟಾ ಮಾದರಿ’ ಈ ಲೆಕ್ಕವನ್ನು ಇನ್ನಷ್ಟು ನಿಖರಗೊಳಿಸಿತು: ಅದರಲ್ಲಿ ಸುಮಾರು 16 ಡಿಗ್ರಿಗಿಂತ ಬೆಚ್ಚಗಿರುವ ಗಂಟೆಗಳು ಈಗಾಗಲೇ ಕೂಡಿಟ್ಟ ಚಳಿಯನ್ನು ಕಳೆಯುತ್ತವೆ. ಸಾಕಷ್ಟು ಚಳಿ ಸಿಗದ ಮರ ವಸಂತದಲ್ಲಿ ತಡವಾಗಿ, ಚದುರಿದಂತೆ, ಒಂದು ಕೊಂಬೆಯಲ್ಲಿ ಹೂ ಇನ್ನೊಂದರಲ್ಲಿ ಬೋಳು ಎನ್ನುವ ಹಾಗೆ ಎಚ್ಚರಗೊಳ್ಳುತ್ತದೆ.

ಮೊಗ್ಗಿನೊಳಗೆ ನಡೆಯುವುದೇನು ಎಂಬುದು ಪಾಪ್ಲರ್, ಬರ್ಚ್ ಮರಗಳ ಅಧ್ಯಯನದಿಂದ ಸಾಕಷ್ಟು ತಿಳಿದಿದೆ. ಕೋಶದಿಂದ ಕೋಶಕ್ಕೆ ಸಂದೇಶ ಸಾಗಿಸುವ ಸೂಕ್ಷ್ಮ ಕಾಲುವೆಗಳು ಸುಪ್ತಾವಸ್ಥೆಯಲ್ಲಿ ಕ್ಯಾಲೋಸ್ ಎಂಬ ಪದಾರ್ಥದಿಂದ ಮುಚ್ಚಿಹೋಗಿರುತ್ತವೆ. ಹಾಗಾಗಿ ‘ಬೆಳೆ’ ಎಂಬ ಸೂಚನೆ ಎಲ್ಲಿಂದ ಹೊರಟರೂ ಮೊಗ್ಗಿನ ತುದಿಯನ್ನು ತಲುಪುವುದಿಲ್ಲ. ವಾರಗಟ್ಟಲೆಯ ಚಳಿಯಲ್ಲಿ ಈ ಬಿರಡೆಗಳನ್ನು ಕರಗಿಸುವ ಕಿಣ್ವಗಳು ತಯಾರಾಗುತ್ತವೆ, ನಿದ್ದೆಯನ್ನು ಕಾಯ್ದುಕೊಳ್ಳುವ ಅಬ್ಸಿಸಿಕ್ ಆಮ್ಲದ ಪ್ರಮಾಣ ಇಳಿಯುತ್ತದೆ, ಬೆಳವಣಿಗೆಗೆ ಬೇಕಾದ ಜಿಬ್ಬರೆಲಿನ್‌ಗಳು ಏರುತ್ತವೆ. ಅಂದರೆ ನಾವು ಏನೂ ನಡೆಯುತ್ತಿಲ್ಲವೆಂದು ಭಾವಿಸುವ ನಡುಚಳಿಯ ದಿನಗಳಲ್ಲೇ ವಸಂತದ ಕೆಲಸ ಆರಂಭವಾಗಿರುತ್ತದೆ.

ಚಳಿಯ ಖಾತೆ ತುಂಬಿದ ಮೇಲೆ ಬಿಸಿಯ ಖಾತೆ ತೆರೆಯುತ್ತದೆ. ಗಿಡವೊಂದು ಒಂದು ಹಂತದಿಂದ ಮುಂದಿನ ಹಂತಕ್ಕೆ ಹೋಗಲು ಇಂತಿಷ್ಟು ದಿನ ಎನ್ನುವುದಕ್ಕಿಂತ ಇಂತಿಷ್ಟು ಬಿಸಿ ಬೇಕು ಎಂಬ ವಿಚಾರವನ್ನು ಫ್ರಾನ್ಸಿನ ವಿಜ್ಞಾನಿ ರೆಯೊಮ್ಯೂರ್ 1735ರಷ್ಟು ಹಿಂದೆಯೇ ಮುಂದಿಟ್ಟಿದ್ದ. ಇಂದು ಅದನ್ನು ಡಿಗ್ರಿ-ದಿನಗಳಲ್ಲಿ ಲೆಕ್ಕ ಹಾಕುತ್ತಾರೆ. ವಿಧಾನ ಸುಲಭ: ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಗಳ ಸರಾಸರಿಯಿಂದ ಆ ಗಿಡದ ಬೆಳವಣಿಗೆ ಆರಂಭವಾಗುವ ತಳಮಟ್ಟವನ್ನು ಕಳೆಯಬೇಕು. ಗರಿಷ್ಠ 18, ಕನಿಷ್ಠ 6 ಇದ್ದ ದಿನದ ಸರಾಸರಿ 12. ತಳಮಟ್ಟ ಸುಮಾರು 4 ಡಿಗ್ರಿ ಇರುವ ಬಟಾಣಿಗೆ ಆ ದಿನ 8 ಡಿಗ್ರಿ-ದಿನಗಳ ಸಂಪಾದನೆ. ತಳಮಟ್ಟ 10 ಇರುವ ಟೊಮೆಟೊಗೆ ಬರೀ 2. ನಮಗೆ ಹಿತವೆನಿಸಿದ ಒಂದೇ ದಿನ ಒಂದು ಗಿಡಕ್ಕೆ ಹಬ್ಬವೂ ಇನ್ನೊಂದಕ್ಕೆ ಉಪವಾಸವೂ ಆಗಬಹುದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಲೆಕ್ಕ ಇನ್ನೊಂದಿಲ್ಲ, ಮತ್ತು ಬಿತ್ತನೆಯ ಪ್ರಶ್ನೆಯಲ್ಲಿ ಇದು ಮತ್ತೆ ಎದುರಾಗುತ್ತದೆ.

ಮೂರನೆಯ ಲೆಕ್ಕ ಹಗಲಿನದು. ಹವಾಮಾನ ವರ್ಷದಿಂದ ವರ್ಷಕ್ಕೆ ಏರುಪೇರಾದರೂ ಹಗಲಿನ ಉದ್ದ ಮಾತ್ರ ಎಂದೂ ಕೈಕೊಡುವುದಿಲ್ಲ. 50 ಡಿಗ್ರಿ ಅಕ್ಷಾಂಶದಲ್ಲಿ ಮಾರ್ಚ್ ತಿಂಗಳ ವಿಷುವದ ಆಸುಪಾಸಿನಲ್ಲಿ ಹಗಲು ದಿನಕ್ಕೆ ಸುಮಾರು ನಾಲ್ಕು ನಿಮಿಷದಷ್ಟು ಹಿಗ್ಗುತ್ತದೆ. 15 ಡಿಗ್ರಿಯಲ್ಲಿ ಒಂದು ನಿಮಿಷಕ್ಕೂ ಕಡಿಮೆ. ಗಿಡಗಳು ಇದನ್ನು ಓದಬಲ್ಲವು ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ತಂಬಾಕು, ಸೋಯಾ ಅವರೆಗಳ ಮೇಲೆ ಪ್ರಯೋಗ ನಡೆಸಿ 1920ರಲ್ಲಿ ತೋರಿಸಿದರು. ಎಲೆಗಳಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಕೆಂಪು ಬೆಳಕಿನಲ್ಲಿ ಒಂದು ರೂಪಕ್ಕೆ ಹೊರಳಿ, ಕತ್ತಲೆಯಲ್ಲಿ ನಿಧಾನವಾಗಿ ಹಿಂದಿರುಗುತ್ತದೆ. ಅದನ್ನೂ ತನ್ನೊಳಗಿನ ಗಡಿಯಾರವನ್ನೂ ಕೂಡಿಸಿಕೊಂಡು ಗಿಡ ವಾಸ್ತವವಾಗಿ ರಾತ್ರಿಯ ಉದ್ದವನ್ನೇ ಹೆಚ್ಚಾಗಿ ಗಮನಿಸುತ್ತದೆ. ಯಾವ ಮರ ಯಾವ ಲೆಕ್ಕಕ್ಕೆ ಎಷ್ಟು ಬೆಲೆ ಕೊಡುತ್ತದೆ ಎಂಬುದರ ಮೇಲೆ ಅದರ ಸ್ವಭಾವ ನಿಂತಿದೆ. ಹೇಝಲ್, ವಿಲೋಗಳು ಸ್ವಲ್ಪ ಬಿಸಿ ಸಿಕ್ಕರೆ ಸಾಕು, ಹೂಗೊಂಚಲು ಬಿಟ್ಟೇಬಿಡುತ್ತವೆ. ಬೀಚ್ ಮರ ಹಾಗಲ್ಲ. ಗಾಳಿ ಎಷ್ಟು ಬೆಚ್ಚಗಾದರೂ ಹಗಲು ಸಾಕಷ್ಟು ಉದ್ದವಾಗುವವರೆಗೆ ಅದು ನಂಬುವುದೇ ಇಲ್ಲ. ತೋಟ ಮಾಡುವವರು ಮೊದಲು ಚಿಗುರಿದ ಮರವನ್ನು ನೋಡಿ ಹಿಗ್ಗಬಹುದು, ಆದರೆ ನಂಬಬೇಕಾದದ್ದು ಕೊನೆಗೆ ಚಿಗುರುವ ಮರವನ್ನು ಎಂಬುದು ನನ್ನ ಅಭಿಪ್ರಾಯ.

ನೆಲದ ಮಟ್ಟದಲ್ಲಿ ಮೊದಲು ಕಾಣಿಸಿಕೊಳ್ಳುವ ಸ್ನೋಡ್ರಾಪ್, ಕ್ರೋಕಸ್‌ಗಳ ಕಥೆ ಸ್ವಲ್ಪ ಭಿನ್ನ. ಅವು ಹಿಂದಿನ ವರ್ಷ ಗೆಡ್ಡೆಯಲ್ಲಿ ಕೂಡಿಟ್ಟ ಆಹಾರವನ್ನು ಖರ್ಚು ಮಾಡಿ ಹೂ ಬಿಡುವುದರಿಂದ ಮಣ್ಣು ಬಿಸಿಯಾಗುವುದನ್ನು ಕಾಯಬೇಕಾಗಿಲ್ಲ. ಮೇಲಿನ ಮರಗಳು ಎಲೆ ಹೊದ್ದು ನೆರಳು ಮಾಡುವ ಮೊದಲೇ ವರ್ಷದ ಕೆಲಸ ಮುಗಿಸಿ ಮತ್ತೆ ಮಣ್ಣು ಸೇರುವುದು ಅವುಗಳ ಜೀವನಕ್ರಮ. ಉತ್ತರ ಅಮೆರಿಕದ ಜೌಗು ನೆಲದಲ್ಲಿ ಬೆಳೆಯುವ ಸ್ಕಂಕ್ ಕ್ಯಾಬೇಜ್ ಎಂಬ ಗಿಡವಂತೂ ತನ್ನ ಹೂಗೊಂಚಲನ್ನು ಸುತ್ತಲಿನ ಗಾಳಿಗಿಂತ 15 ಡಿಗ್ರಿಗೂ ಹೆಚ್ಚು ಬಿಸಿ ಮಾಡಿಕೊಂಡು ಹಿಮವನ್ನು ಕರಗಿಸಿ ಮೇಲೆ ಬರುತ್ತದೆ. ಇವೆಲ್ಲ ಕಣ್ಣಿಗೆ ಹಬ್ಬವೇ ಸರಿ, ಆದರೆ ಬೆಂಡೆಯ ಬೀಜ ಬಿತ್ತಲು ಇವು ಪಂಚಾಂಗವಲ್ಲ. ಹಿಮವೇ ಬೀಳದ ಸೀಮೆಗಳಲ್ಲಿಯೂ ಚಳಿಯ ಓದು ತಪ್ಪಿದ್ದಲ್ಲ: ಮಾವಿನ ಬಲಿತ ಚಿಗುರುಗಳು ಹೂವಿಗೆ ತಿರುಗುವುದು ತಂಪು ರಾತ್ರಿಗಳ ಸರಣಿಯಿಂದಲೇ.

ಇಂಥ ಗುರುತುಗಳನ್ನು ದಿನಾಂಕದೊಂದಿಗೆ ಬರೆದಿಡುವ ಅಭ್ಯಾಸಕ್ಕೆ ಫಿನಾಲಜಿ ಎಂಬ ಶಾಸ್ತ್ರದ ಹೆಸರು ಬಂದದ್ದು ತಡವಾಗಿ, ಅಭ್ಯಾಸ ಮಾತ್ರ ಬಹಳ ಹಳೆಯದು. ಇಂಗ್ಲೆಂಡಿನ ನಾರ್ಫಕ್‌ನಲ್ಲಿ ರಾಬರ್ಟ್ ಮಾರ್ಶಮ್ ಎಂಬಾತ 1736ರಿಂದ ಮೊದಲ ಸ್ನೋಡ್ರಾಪ್, ಮೊದಲ ಎಲೆ, ಕಪ್ಪೆಯ ಮೊದಲ ವಟಗುಟ್ಟುವಿಕೆ ಮುಂತಾದ ವಸಂತದ ಸೂಚನೆಗಳನ್ನು ದಾಖಲಿಸತೊಡಗಿದ. ಅವನ ನಂತರ ಅವನ ವಂಶದವರು 1958ರವರೆಗೆ ಆ ಕೆಲಸವನ್ನು ಮುಂದುವರಿಸಿದರು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಪೂರ್ತಿ ಅರಳಿದ ದಿನದ ಉಲ್ಲೇಖಗಳು ಒಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತವೆ, ಮತ್ತು ಆ ಸುಮಾರು 1200 ವರ್ಷಗಳ ದಾಖಲೆಯಲ್ಲಿ ಅತ್ಯಂತ ಬೇಗನೆ ಅರಳಿದ ದಿನಗಳಲ್ಲೊಂದು 2021ರ ಮಾರ್ಚ್ 26. ವಸಂತ ಹಿಂದಿಗಿಂತ ಬೇಗ ಬರುತ್ತಿದೆ ಎಂಬುದಕ್ಕೆ ಇದಕ್ಕಿಂತ ಚೆಂದದ, ಇದಕ್ಕಿಂತ ಆತಂಕದ ಪುರಾವೆ ಸಿಗುವುದು ಕಷ್ಟ. ಸ್ವಂತ ತೋಟದ ಮಟ್ಟಿಗೂ ಇಂಥ ಒಂದು ನೋಟುಪುಸ್ತಕ ನಾಲ್ಕೈದು ವರ್ಷಗಳಲ್ಲಿ ಯಾವ ಸಾಮಾನ್ಯ ಕೋಷ್ಟಕಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ಮಣ್ಣಿನ ಲೆಕ್ಕ. ಗಾಳಿ ಬೇಗ ಬಿಸಿಯಾಗುತ್ತದೆ, ಬೇಗ ತಣಿಯುತ್ತದೆ. ಮಣ್ಣಿಗೆ ಎರಡೂ ನಿಧಾನ. ಅದಕ್ಕೆ ಮುಖ್ಯ ಕಾರಣ ಅದರಲ್ಲಿರುವ ನೀರು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಜೂಲ್ ಶಕ್ತಿ ಬೇಕು; ಒಣ ಮಣ್ಣಿನ ಖನಿಜಕ್ಕೆ ಅದರ ಐದನೆಯ ಒಂದು ಭಾಗದಷ್ಟು ಸಾಕು. ಸಾಲದೆಂಬಂತೆ ಹಸಿ ಮಣ್ಣಿನ ಮೇಲ್ಮೈಯಿಂದ ಆವಿಯಾಗುವ ನೀರು ಬಿಸಿಲಿನ ಪಾಲನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಆದುದರಿಂದ ನೀರು ಬಸಿಯುವ ಮರಳು ಮಿಶ್ರಿತ ಮಣ್ಣು ಮೊದಲು ಬೆಚ್ಚಗಾಗುತ್ತದೆ, ನೀರು ಹಿಡಿದಿಟ್ಟುಕೊಳ್ಳುವ ಜೇಡಿಮಣ್ಣು ವಾರಗಟ್ಟಲೆ ಹಿಂದೆ ಬೀಳುತ್ತದೆ. ಎತ್ತರಿಸಿದ ಮಡಿಗಳು ಸಮತಟ್ಟಾದ ಪಾತಿಗಿಂತ ಮುಂದಿರುತ್ತವೆ. ಉತ್ತರ ಗೋಲಾರ್ಧದಲ್ಲಿ ದಕ್ಷಿಣಕ್ಕೆ ಇಳಿಜಾರಾದ ನೆಲ, ಬಿಸಿಲನ್ನು ನೇರವಾಗಿ ಪಡೆಯುವುದರಿಂದ, ಉತ್ತರಕ್ಕೆ ಇಳಿದ ನೆಲಕ್ಕಿಂತ ಬೇಗ ಸಿದ್ಧವಾಗುತ್ತದೆ. ಚಳಿಗಾಲದಲ್ಲಿ ಮಣ್ಣನ್ನು ಕಾಪಾಡಿದ ದರಗಿನ ಹೊದಿಕೆಯೇ ಈಗ ಬಿಸಿಲಿಗೆ ಅಡ್ಡವಾಗುತ್ತದೆ. ಬಿತ್ತಬೇಕಾದ ಕಡೆ ಅದನ್ನು ಎರಡು ವಾರ ಮೊದಲೇ ಪಕ್ಕಕ್ಕೆ ಸರಿಸುವುದು ಒಳ್ಳೆಯದು. ಇಡೀ ತೋಟದ ದರಗನ್ನು ಗುಡಿಸಿ ಹಾಕಬೇಕಾಗಿಲ್ಲ, ಏಕೆಂದರೆ ಅದರಡಿಯಲ್ಲಿ ಚಳಿ ಕಳೆಯುತ್ತಿರುವ ಕೀಟಗಳು ಇನ್ನೂ ಎದ್ದಿರುವುದಿಲ್ಲ.

ಬೀಜದ ಮೇಲೆ ಇದರ ಪರಿಣಾಮ ಎಷ್ಟೆಂಬುದನ್ನು ಅಂಕಿಗಳೇ ಹೇಳುತ್ತವೆ. ಟೊಮೆಟೊ ಬೀಜ 10 ಡಿಗ್ರಿಯ ಮಣ್ಣಿನಲ್ಲಿ ಮೊಳಕೆಯೊಡೆಯಲು ಸುಮಾರು 43 ದಿನ ತೆಗೆದುಕೊಂಡರೆ, 15 ಡಿಗ್ರಿಯಲ್ಲಿ ಸುಮಾರು 14 ದಿನ, 25 ಡಿಗ್ರಿಯಲ್ಲಿ ಆರೇ ದಿನ ಸಾಕು. ಬಟಾಣಿ 5 ಡಿಗ್ರಿಯಲ್ಲೂ ಮೊಳೆಯುತ್ತದೆ, ಆದರೆ ಸುಮಾರು 36 ದಿನಗಳ ನಂತರ. 10 ಡಿಗ್ರಿಯಲ್ಲಿ 14 ದಿನ, 20ರಲ್ಲಿ ಎಂಟು ದಿನ. ಲೆಟ್ಯೂಸ್, ಪಾಲಕ್‌ಗಳು ಬಟಾಣಿಯ ಗುಂಪಿಗೆ ಸೇರಿದವು. ಹುರುಳಿಕಾಯಿ, ಸೌತೆ, ಬೆಂಡೆಗಳಿಗೆ ಕನಿಷ್ಠ 15 ಡಿಗ್ರಿಯಾದರೂ ಇಲ್ಲದಿದ್ದರೆ ಕಷ್ಟ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಕಾಯುವ ಬೀಜ ಸುಮ್ಮನೆ ಕಾಯುತ್ತಿರುವುದಿಲ್ಲ. ಅದು ನೀರು ಹೀರಿ ಉಬ್ಬಿ, ತನ್ನ ಸಕ್ಕರೆಯನ್ನು ಸುತ್ತಲಿನ ಮಣ್ಣಿಗೆ ಸೋರಿಸುತ್ತ, ಶಿಲೀಂಧ್ರಗಳಿಗೆ ಆಹ್ವಾನ ಕೊಡುತ್ತಿರುತ್ತದೆ. ಹೇಗೋ ಮೊಳೆತ ಸಸಿಗೂ ಊಟ ಸಿಗುವುದಿಲ್ಲ, ಏಕೆಂದರೆ ಸಾರಜನಕವನ್ನು ಗಿಡಕ್ಕೆ ಒದಗುವಂತೆ ಮಾಡುವ ಮಣ್ಣಿನ ಸೂಕ್ಷ್ಮಜೀವಿಗಳು ಇನ್ನೂ ಮಂದವಾಗಿರುತ್ತವೆ ಮತ್ತು ತಣ್ಣನೆಯ ಬೇರುಗಳು ರಂಜಕವನ್ನು ಸರಿಯಾಗಿ ಹೀರಲಾರವು. ಬೇಗ ನೆಟ್ಟ ಟೊಮೆಟೊ ಎಲೆಯ ಅಡಿಭಾಗ ನೇರಳೆಗೆ ತಿರುಗುವುದು ಹಲವು ಸಲ ಗೊಬ್ಬರದ ಕೊರತೆಯಿಂದಲ್ಲ, ಚಳಿಯಿಂದ. ಮೂರು ವಾರ ತಡವಾಗಿ ಬೆಚ್ಚನೆಯ ಮಣ್ಣಿಗೆ ಬಿದ್ದ ಬೀಜ, ಮೊದಲು ಬಿದ್ದದ್ದನ್ನು ಹಿಂದೆ ಹಾಕುವುದನ್ನು ಕಣ್ಣಾರೆ ನೋಡಿದ ಮೇಲೂ ಮರುವರ್ಷ ಆತುರ ಪಡುವವರಲ್ಲಿ ನಾನೂ ಒಬ್ಬ.

ಆದ್ದರಿಂದ ಕೊಳ್ಳಬೇಕಾದ ಉಪಕರಣ ಒಂದಿದ್ದರೆ ಅದು ಮಣ್ಣಿನ ಥರ್ಮಾಮೀಟರು. ಬಿತ್ತುವ ಆಳಕ್ಕಿಂತ ತುಸು ಕೆಳಗೆ, ಐದರಿಂದ ಹತ್ತು ಸೆಂಟಿಮೀಟರ್ ಒಳಗೆ, ಬೆಳಗಿನ ತಂಪಿನಲ್ಲಿ ನಾಲ್ಕೈದು ದಿನ ಸತತವಾಗಿ ಅಳೆದು ನೋಡಬೇಕು. ಮಧ್ಯಾಹ್ನದ ಅಂಕಿ ಮುಖಸ್ತುತಿ ಮಾಡುತ್ತದೆ. ಉಷ್ಣತೆಯ ಜೊತೆಗೆ ಹದವೂ ಬೇಕು. ಒಂದು ಹಿಡಿ ಮಣ್ಣನ್ನು ಅಮುಕಿ ಉಂಡೆ ಮಾಡಿ, ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅದು ಪುಡಿಯಾಗಿ ಉದುರಿದರೆ ಅಗೆಯಬಹುದು. ಜೇಡಿಯಂತೆ ಒತ್ತಿದ ಗುರುತನ್ನು ಹಿಡಿದಿಟ್ಟುಕೊಂಡರೆ ಗುದ್ದಲಿಯನ್ನು ಮತ್ತೆ ಮೂಲೆಗಿಡಬೇಕು. ಒದ್ದೆ ಮಣ್ಣನ್ನು ಅಗೆದರೆ, ಅದರ ಮೇಲೆ ನಡೆದಾಡಿದರೂ ಸಹ, ಗಾಳಿ ಆಡುವ ಸಂದುಗಳು ಮುಚ್ಚಿ, ಒಣಗಿದ ಮೇಲೆ ಹೆಂಟೆ ಹೆಂಟೆಯಾಗಿ ಗಟ್ಟಿಯಾಗುತ್ತದೆ, ಮತ್ತು ಆ ವರ್ಷವಿಡೀ ಅದು ಸುಧಾರಿಸುವುದಿಲ್ಲ.

ಬೇಗನೆ ಬಿತ್ತುವುದರಲ್ಲಿ ಇನ್ನೊಂದು ಅಪಾಯವಿದೆ, ಅದು ಕಾಣಿಸಿಕೊಳ್ಳುವುದು ತಿಂಗಳುಗಳ ನಂತರ. ಎಲೆಕೋಸು, ಈರುಳ್ಳಿ, ಕ್ಯಾರೆಟ್‌ನಂಥ ಎರಡು ವರ್ಷದ ಬಾಳಿನ ಗಿಡಗಳು ಒಂದು ಚಳಿಗಾಲವನ್ನು ಕಳೆದ ಮೇಲಷ್ಟೇ ಹೂ ಬಿಡಬೇಕು. ಚಳಿಯನ್ನು ನೆನಪಿಟ್ಟುಕೊಂಡು ಹೂವಿಗೆ ಸಿದ್ಧವಾಗುವ ಈ ಕ್ರಿಯೆಗೆ ವರ್ನಲೈಸೇಶನ್ ಎನ್ನುತ್ತಾರೆ. ಸ್ವಲ್ಪ ದಪ್ಪಗೆ ಬೆಳೆದ ಎಲೆಕೋಸಿನ ಸಸಿ ಹೊರಗೆ 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಹಲವು ವಾರ ನಿಂತರೆ, ಚಳಿಗಾಲವೊಂದು ಕಳೆಯಿತೆಂದು ಲೆಕ್ಕ ಹಾಕಿ, ಗಡ್ಡೆ ಕಟ್ಟುವ ಬದಲು ನೇರವಾಗಿ ಹೂದಂಡು ಎತ್ತುತ್ತದೆ. ಮರದ ಮೊಗ್ಗಿನ ಚಳಿಯ ಲೆಕ್ಕದ ಹತ್ತಿರದ ನಂಟನೇ ಇದು, ನಮ್ಮ ಪಾಲಿಗೆ ತಿರುಗುಬಾಣವಾಗಿ ಬಂದದ್ದು.

ಇಬ್ಬನಿಯೇ ಮಂಜುಗಡ್ಡೆಯಾಗಿ ಎಲೆಗೆ ಅಂಟಿಕೊಳ್ಳುವ ಹೆಪ್ಪುಮಂಜಿನ ವಿಷಯದಲ್ಲಿ ಜನ ಎರಡು ಕಡೆ ಮೋಸ ಹೋಗುತ್ತಾರೆ. ಹವಾಮಾನ ಕೇಂದ್ರದ ಥರ್ಮಾಮೀಟರು ನೆಲದಿಂದ ಒಂದೂಕಾಲು ಮೀಟರಿನಿಂದ ಎರಡು ಮೀಟರ್ ಎತ್ತರದಲ್ಲಿರುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಮೇಲಿನ ಗಾಳಿಗಿಂತ ಹಲವು ಡಿಗ್ರಿ ತಣ್ಣಗಾಗುವುದರಿಂದ, ಮುನ್ಸೂಚನೆಯಲ್ಲಿ 3 ಡಿಗ್ರಿ ಎಂದಿದ್ದ ರಾತ್ರಿಯೂ ಸಸಿಯ ಎಲೆಯ ಮೇಲೆ ನೀರು ಹೆಪ್ಪುಗಟ್ಟಬಹುದು. ಎರಡನೆಯದು, ‘ಕೊನೆಯ ಹೆಪ್ಪುಮಂಜಿನ ದಿನಾಂಕ’ವೆಂದು ಕೋಷ್ಟಕಗಳಲ್ಲಿ ಕೊಡುವ ದಿನ ಬಹುಪಾಲು ಒಂದು ಸರಾಸರಿ, ಅಂದರೆ ಸುಮಾರು ಅರ್ಧದಷ್ಟು ವರ್ಷಗಳಲ್ಲಿ ಅದರ ನಂತರವೂ ಮಂಜು ಬಂದಿರುತ್ತದೆ. ಮರಗಳೂ ಇಲ್ಲಿ ಎಡವುತ್ತವೆ. ಬಿಗಿದ ಮೊಗ್ಗಾಗಿದ್ದಾಗ ಮೈನಸ್ 20 ಡಿಗ್ರಿಯನ್ನೂ ತಡೆದುಕೊಳ್ಳುವ ಸೇಬು, ಪೂರ್ತಿ ಅರಳಿದ ಮೇಲೆ ಮೈನಸ್ 2.2ರಲ್ಲಿ ಅರ್ಧ ಗಂಟೆ ಕಳೆದರೆ ಹತ್ತರಲ್ಲೊಂದು ಹೂವನ್ನೂ, ಮೈನಸ್ 3.9ರಲ್ಲಿ ಹತ್ತರಲ್ಲೊಂಬತ್ತನ್ನೂ ಕಳೆದುಕೊಳ್ಳುತ್ತದೆ. 2021ರಲ್ಲಿ ಫ್ರಾನ್ಸಿನಲ್ಲಿ ಮಾರ್ಚ್ ಕೊನೆಯ ಬಿಸಿಲಿಗೆ ಚಿಗುರಿದ ದ್ರಾಕ್ಷಿ ಮತ್ತು ಹಣ್ಣಿನ ತೋಟಗಳು ಏಪ್ರಿಲ್ ಮೊದಲ ವಾರದ ಚಳಿಗೆ ಸಿಕ್ಕಿ ಅಪಾರ ನಷ್ಟ ಅನುಭವಿಸಿದವು.

ಕೊಂಬೆ ‘ಬಂತು’ ಎಂದು ಮಣ್ಣು ‘ಇನ್ನೂ ಇಲ್ಲ’ ಎನ್ನುವ ಈ ನಡುವಿನ ವಾರಗಳಲ್ಲಿ ಕೈಕಟ್ಟಿ ಕೂರಬೇಕೆಂದೇನೂ ಇಲ್ಲ. ಕಳೆದ ವರ್ಷದ ಬೀಜಗಳಲ್ಲಿ ಹತ್ತನ್ನು ಒದ್ದೆ ಕಾಗದದಲ್ಲಿ ಸುತ್ತಿ ಬೆಚ್ಚಗಿಟ್ಟು ಎಷ್ಟು ಮೊಳೆಯುತ್ತವೆ ಎಂದು ನೋಡಬಹುದು. ಟೊಮೆಟೊ ಬೀಜ ನಾಲ್ಕು ವರ್ಷ ಇಟ್ಟರೂ ಚೆನ್ನಾಗಿ ಬರುತ್ತದೆ, ಈರುಳ್ಳಿಯದು ಒಂದೆರಡು ವರ್ಷಕ್ಕೇ ಸೊರಗುತ್ತದೆ. ಬೇರು ಬಿಚ್ಚಿಟ್ಟ ಹಣ್ಣಿನ ಗಿಡಗಳನ್ನು ನೆಡುವುದಿದ್ದರೆ ಮೊಗ್ಗು ಒಡೆಯುವ ಮೊದಲೇ ನೆಡಬೇಕು. ಪಾತಿಯನ್ನು ಬಿತ್ತನೆಗೆ ಎರಡು ಮೂರು ವಾರ ಮುಂಚೆ ಹದ ಮಾಡಿ ಹಾಗೇ ಬಿಡುವುದು ನನಗೆ ಬಹಳ ಇಷ್ಟವಾದ ಉಪಾಯ: ಅಗೆಯುವಾಗ ಕ್ಷಣಮಾತ್ರ ಬೆಳಕು ಕಂಡ ಕಳೆಬೀಜಗಳು, ಅದೇ ಫೈಟೋಕ್ರೋಮಿನ ಪ್ರೇರಣೆಯಿಂದ, ಒಟ್ಟಾಗಿ ಮೊಳೆತು ಬರುತ್ತವೆ, ಅವುಗಳನ್ನು ಮಣ್ಣು ಮಗುಚದೆ ಮೇಲಿಂದ ಮೇಲೆ ಕೆರೆದು ಹಾಕಿ ಆಮೇಲೆ ಬಿತ್ತಿದರೆ ಅರ್ಧ ಬೇಸಿಗೆಯ ಕಳೆ ಕೀಳುವ ಕೆಲಸ ತಪ್ಪುತ್ತದೆ.

ಟೊಮೆಟೊ, ಮೆಣಸಿನ ಸಸಿಗಳನ್ನು ಒಳಗೆ ಎಬ್ಬಿಸುವವರು ಕೊನೆಯ ಹೆಪ್ಪುಮಂಜಿನಿಂದ ಹಿಂದಕ್ಕೆ ಎಣಿಸಬೇಕು: ಟೊಮೆಟೊಗೆ ಆರರಿಂದ ಎಂಟು ವಾರ, ಮೆಣಸಿಗೆ ಎಂಟರಿಂದ ಹತ್ತು, ಸೌತೆ ಕುಂಬಳಗಳಿಗೆ ಮೂರು ನಾಲ್ಕೇ ವಾರ. ಅದಕ್ಕಿಂತ ಮೊದಲು ಬಿತ್ತಿದರೆ ಕಿಟಕಿಯ ಮಂದ ಬೆಳಕಿಗೆ ಅವು ತೆಳ್ಳಗೆ, ಉದ್ದುದ್ದ ಬೆಳೆದು ವಾಲುತ್ತವೆ. ಹೀಗೆ ಒಳಗೆ ಬೆಳೆದ ಎಲೆಗೆ ನೇರ ಬಿಸಿಲೂ ಗೊತ್ತಿಲ್ಲ, ಗಾಳಿಯೂ ಗೊತ್ತಿಲ್ಲ. ಅದರ ಮೇಲಿನ ಮೇಣದ ಪದರ ತೆಳುವಾಗಿರುತ್ತದೆ. ಆದ್ದರಿಂದ ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ ಹೊರಗಿಟ್ಟು ಒಳತಂದು, ಮರುದಿನ ಸ್ವಲ್ಪ ಹೆಚ್ಚು ಹೊತ್ತು, ಆಮೇಲೆ ಎಳೆಬಿಸಿಲು, ಹೀಗೆ ವಾರದಿಂದ ಹತ್ತು ದಿನ ಒಗ್ಗಿಸಿ, ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದು ನಿಂತ ಮೇಲೆ, ಮೋಡ ಕವಿದ ಒಂದು ಸಂಜೆ ಮಣ್ಣಿಗೆ ಇಳಿಸಬೇಕು. ಆ ಹೊತ್ತಿಗೆ ಥರ್ಮಾಮೀಟರು 15 ದಾಟಿರುತ್ತದೆ, ತಿಂಗಳ ಹಿಂದೆ ಬಿತ್ತಿದ ಬಟಾಣಿ ಆಗಲೇ ಕಡ್ಡಿ ಹಿಡಿದು ಹತ್ತುತ್ತಿರುತ್ತದೆ, ಮತ್ತು ಬೀಚ್ ಮರವಿದ್ದಲ್ಲಿ ಅದೂ ಎಲೆ ಬಿಚ್ಚಿರುತ್ತದೆ.